ಒಂಟಿ ಕಾಲಿನ ಲೆಕ್ಕ

ಹೆಂಡತಿ: ಬರ್ಕೊಳ್ಳಿ ಮೇಡಂ, ವಾಲಿದ್ರು!

ಕ್ಷೌರಿಕ: ಎಲ್ಲೇ ವಾಲಿದೆ? ಗಾಳಿ ಬಂತು!

ಹೆಂಡತಿ: ಕಿಟಕಿ ಹಾಕಿದೆ ಕಣ್ರೀ.

ಮೇಡಂ: ಯಜಮಾನ್ರೇ, ಜಗಳ ಆಮೇಲೆ. ನೂರರಿಂದ ಮೂರು ಮೂರು ಕಳೀತಾ ಬನ್ನಿ. ಹಿಂದಿನ ಕಂಬಿ ಮುಟ್ಟಬಾರದು.

ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ, ಗೋಡೆಗೆ ಬಡಿದ ಕಂಬಿಯ ಮುಂದೆ, ದಪ್ಪ ಸ್ಪಂಜಿನ ಮೇಲೆ ಕ್ಷೌರಿಕ ಒಂಟಿ ಕಾಲಲ್ಲಿ ನಿಂತಿದ್ದ. ಶ್ವಾಸಕೋಶ ಕೆಟ್ಟು ನಾಲ್ಕು ತಿಂಗಳಿಂದ ಅಂಗಡಿಯ ಮುಖ ನೋಡಿರಲಿಲ್ಲ. ಇಂಥ ಕಾಯಿಲೆಯವರು ನಿಂತಲ್ಲೇ ತಲೆ ಓಡಿಸಿದರೆ ಆಯ ತಪ್ಪುತ್ತಾರಂತೆ. ಕೈಯಲ್ಲಿ ಕತ್ತಿ ಹಿಡಿದವನು ಆಯ ತಪ್ಪಿದರೆ ಗಿರಾಕಿಯ ಕಿವಿಯ ಗತಿಯೇನು? ವ್ಯಾಯಾಮ ಮಾಡಿಸುವ ಮೇಡಂ ಕೆಲಸಕ್ಕೆ ಹೋಗಬಹುದೆಂದು ಚೀಟಿ ಕೊಟ್ಟರೆ ಅಂಗಡಿ, ಇಲ್ಲದಿದ್ದರೆ ದಿನವಿಡೀ ಹೆಂಡತಿಯ ಎದುರು ಕುರ್ಚಿ. ಅದನ್ನು ನೆನೆದರೇ ಅವನಿಗೆ ಉಬ್ಬಸ ಬರುತ್ತಿತ್ತು.

ಕ್ಷೌರಿಕ: ತೊಂಬತ್ತೇಳು... ತೊಂಬತ್ತ್... ಅಯ್ಯೋ! (ಕಂಬಿ ಹಿಡಿದು) ಅಂಗಡೀಲಿ ಯಾರು ಮೇಡಂ ಕಳೆಯೋ ಲೆಕ್ಕ ಕೇಳ್ತಾರೆ? ಊರ ಸುದ್ದಿ ಕೇಳ್ತಾರೆ!

ಮೇಡಂ: ಸರಿ, ಅದನ್ನೇ ಹೇಳಿ.

ಮೂರು ಮನೆಗಳ ಮಾನವನ್ನು ಅವನು ಒಂದೇ ಕಾಲಲ್ಲಿ ಹರಾಜು ಹಾಕಿದ. ನಡುವೆ ಎರಡು ಸಲ ಕೆಮ್ಮಿದ, ಅಷ್ಟೇ.

ಮೇಡಂ: ಅರೆ, ಅಲುಗಲೇ ಇಲ್ಲ!

ಹೆಂಡತಿ: ಅದಕ್ಕೆ ತಲೆ ಯಾಕೆ, ನಾಲಿಗೆ ಸಾಕು. ನಾನೊಂದು ಕೇಳ್ತೀನಿ. ರೀ, ಸಿಗರೇಟು ಬಿಟ್ಟು ಎಷ್ಟು ದಿನ ಆಯ್ತು?

ಕ್ಷೌರಿಕ: ನಾಲ್ಕು ತಿಂಗಳು!

ಅಂದವನೇ ಎಡಕ್ಕೆ ವಾಲಿ ಕಂಬಿಯನ್ನು ತಬ್ಬಿಕೊಂಡ.

ಮೇಡಂ: ಇಷ್ಟು ಸುಲಭದ ಪ್ರಶ್ನೆಗೆ ಯಾಕ್ರೀ ವಾಲಿದ್ರಿ?

ಹೆಂಡತಿ: ಸುಳ್ಳು ಹೊಂದಿಸ್ಬೇಕಲ್ಲ, ತಲೆ ಓಡ್ತು. ಕಂಬಿ ಬಿಟ್ಟು ಇನ್ನೊಂದ್ಸಲ ಹೇಳಿ.

ಕ್ಷೌರಿಕ: ನಿನ್ನೆ. ನೀರಿನ ಟ್ಯಾಂಕಿನ ಹಿಂದೆ. ಒಂದು.

ಕಾಲು ಕಲ್ಲಿನಂತೆ ನಿಂತಿತು.

ಕ್ಷೌರಿಕ: ಅರ್ಧ ಅನ್ನೋಣ ಅಂದ್ಕೊಂಡೆ. ಬಿದ್ದುಬಿಡ್ತೀನಿ ಅಂತ ಭಯ ಆಯ್ತು.

ಹೆಂಡತಿ: ಪ್ಯಾಕೆಟ್ ಎಲ್ಲಿ?

ಕ್ಷೌರಿಕ: ಹಳೇ ಬ್ರಷ್ಷಿನ ಡಬ್ಬೀಲಿ. ತಗೊಂಡು ಬಿಸಾಕು, ಹೋಗು!

ಮೇಡಂ: ಒಳ್ಳೇದೇ ಆಯ್ತು. ಅಂಗಡೀಲಿ ಬರೀ ನಿಜ ಹೇಳಿ, ಬೀಳಲ್ಲ.

ಕ್ಷೌರಿಕ: ನಿಜಾನಾ? ಅಂಗಡಿ ಮುಚ್ಚಿಸ್ತೀರಾ ಮೇಡಂ! ದಿನಕ್ಕೆ ಹತ್ತು ಜನ ಕೇಳ್ತಾರೆ, 'ಕೂದಲು ಉದುರ್ತಿದೆಯಾ' ಅಂತ. 'ಎಲ್ಲಿ ಸ್ವಾಮಿ, ಕಾಡು ಬೆಳೆದಿದೆ' ಅನ್ಬೇಕು. ನಿಜ ಹೇಳಿದ್ರೆ ಇನ್ನೊಂದ್ಸಲ ತಲೆ ಕೊಡ್ತಾನಾ?

ಮೇಡಂ ಪೆನ್ನು ಕೆಳಗಿಟ್ಟರು. ಚೀಟಿ ಕೈತಪ್ಪಿತು ಅಂದುಕೊಂಡ ಕ್ಷೌರಿಕ. ಹೆಂಡತಿ ಮಾತ್ರ ಕಿವಿಯ ಬಳಿಯ ಬಿಳಿ ಕೂದಲನ್ನು ಹಿಂದೆ ಸರಿಸಿಕೊಂಡಳು.

ಹೆಂಡತಿ: ಕೊನೇದು. ನಾನು ಮುದುಕಿ ಥರ ಕಾಣ್ತೀನಾ?

ಕ್ಷೌರಿಕ ಸ್ಪಂಜಿನ ಮೇಲೆ ಮತ್ತೆ ಒಂಟಿ ಕಾಲೂರಿದ.

ಕ್ಷೌರಿಕ: ನೀನಾ? ಮದುವೆ ದಿನ ಹೆಂಗಿದ್ಯೋ ಹಂಗೇ ಇದ್ದೀಯ ಕಣೇ.

ಕೂದಲೆಳೆಯಷ್ಟೂ ಅಲುಗಲಿಲ್ಲ. ಹೆಂಡತಿಯ ಮುಖ ಊರಗಲ ಅರಳಿತು.

ಹೆಂಡತಿ: ನೋಡಿದ್ರಾ ಮೇಡಂ! ಬರೀರಿ ಚೀಟಿ!

ಮೇಡಂ ನೋಡುತ್ತಿದ್ದದ್ದು ಅವನ ಬೆನ್ನ ಹಿಂದಿನ ಕೈಯನ್ನು. ಬೆರಳು ಬಿಳುಚುವಷ್ಟು ಬಿಗಿಯಾಗಿ ಅದು ಕಂಬಿ ಹಿಡಿದಿತ್ತು. ಅವರು ತುಟಿ ಕಚ್ಚಿಕೊಂಡು ಬರೆದರು: 'ಅಂಗಡಿಗೆ ಹೋಗಬಹುದು. ಗಿರಾಕಿ ಕುರ್ಚಿಯ ಹಿಂದೆ ಕಂಬಿ ಕಡ್ಡಾಯ.'

ಹೆಂಡತಿ ಖುಷಿಯಲ್ಲಿ ಚಪ್ಪಲಿ ಮೆಟ್ಟಲು ಹೊರಗೆ ಹೋದಳು. ಕ್ಷೌರಿಕ ಮೇಜಿನ ಮೇಲೆ ಬಗ್ಗಿದ.

ಕ್ಷೌರಿಕ (ಪಿಸುಗುಟ್ಟುತ್ತ): ಮನೆಗೂ ಒಂದು ಕಂಬಿ ಬರೀರಿ ಮೇಡಂ.