ಎಮ್ಮೆಲ್ಲೆ ಇದ್ದ ಬೀದಿಗೆ ನಲ್ಲಿ

ದೊಡ್ಡವರ ಮನೆಯ ಪಕ್ಕದಲ್ಲಿ ಮನೆ ಮಾಡಿದರೆ ನಮ್ಮ ಬದುಕೂ ಹಸನಾಗುತ್ತದೆ ಎಂದು ನಂಬುವವರು ಇನ್ನೂ ಇದ್ದಾರೆ. ನಾನೂ ಹಾಗೇ ನಂಬಿದ್ದೆ. ಐವತ್ತರ ದಶಕದ ಕೊನೆಯಲ್ಲಿ, ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯ ಪಿಳ್ಳಪ್ಪನವರು ಶಾಸಕರಾಗಿ ಗೆದ್ದರು. ಹಾರ ಬಿದ್ದದ್ದು ಅವರ ಕೊರಳಿಗೆ, ಆದರೆ ಕತ್ತು ನೆಟ್ಟಗಾದದ್ದು ನನ್ನದು. ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಕೊಡುವ ಗುಮಾಸ್ತ ನಾನು. ಅಂದಿನಿಂದ ಗಿರಾಕಿಗಳಿಗೆ ಬಟ್ಟೆಯ ಬೆಲೆಗಿಂತ ಮೊದಲು, ಎಮ್ಮೆಲ್ಲೆ ನಮ್ಮ ಪಕ್ಕದ ಮನೆಯವರು ಎಂದು ಹೇಳತೊಡಗಿದೆ. ಅದರಿಂದ ಯಾರೂ ಒಂದು ಗಜ ಬಟ್ಟೆ ಹೆಚ್ಚಿಗೆ ಕೊಂಡದ್ದು ನನಗೆ ನೆನಪಿಲ್ಲ.

ನನ್ನ ಹೆಂಡತಿ ನಾಗರತ್ನಳಿಗೆ ಈ ಹೆಮ್ಮೆಗಿಂತ ನೀರಿನದೇ ಚಿಂತೆ. ನಮ್ಮ ಬೀದಿಗೆ ನಲ್ಲಿ ಇರಲಿಲ್ಲ. ಬೇತಮಂಗಲದ ಕೆರೆಯಿಂದ ಅಷ್ಟು ದೂರ ಕೊಳವೆಯಲ್ಲಿ ಹರಿದು ಬಂದ ನೀರು, ಹಿಂದಿನ ಬೀದಿಗೆ ಬಂದು ಸುಸ್ತಾದಂತೆ ಅಲ್ಲೇ ನಿಂತುಬಿಟ್ಟಿತ್ತು. ಅಲ್ಲಿಂದ ಹೊತ್ತು ತರಬೇಕು. "ಇನ್ನೇನು, ಒಂದೇ ತಿಂಗಳು ತಡೆದುಕೋ" ಎಂದೆ. ಚುನಾವಣೆಗೆ ನಿಲ್ಲದೆಯೇ ಭರವಸೆ ಕೊಡುವ ವಿದ್ಯೆ ನನಗೆ ಬಂದುಬಿಟ್ಟಿತ್ತು.

ಆದರೆ ಪಿಳ್ಳಪ್ಪನವರ ಸ್ವಭಾವವೇ ಬೇರೆ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಂದರೆಂದರೆ ಜಗಲಿ ತುಂಬ ಜನ. ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ, ಉಳಿದವರಿಗೆ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದರು. ಹಳ್ಳಿಗಳಿಗೆ ಬಾವಿ ತೋಡಿಸಿದರು, ಸುತ್ತಲ ಬೀದಿಗಳಿಗೆ ನಲ್ಲಿ ಹಾಕಿಸಿದರು. ನಮ್ಮ ಬೀದಿಯ ಮಾತೆತ್ತಿದರೆ ಮಾತ್ರ ಎರಡೂ ಕೈ ಜೋಡಿಸಿಬಿಡುತ್ತಿದ್ದರು. "ಬ್ಯಾಡ ಸ್ವಾಮಿ. ಗೆದ್ದು ತನ್ನ ಮನೆ ಮುಂದೆ ನಲ್ಲಿ ಆಕಿಸ್ಕೊಂಡ ಅಂತಾರೆ. ಎಲ್ಲಾ ಬೀದಿಗೂ ಆಗ್ಲಿ, ನಮ್ದು ಕಡೇಗೆ." ಅವರ ಹೆಂಡತಿಯೂ ನಾಗರತ್ನಳ ಜೊತೆ ಬಿಂದಿಗೆ ಹಿಡಿದು ಹಿಂದಿನ ಬೀದಿಗೆ ಹೋಗುತ್ತಿದ್ದರು. ಅಲ್ಲಿನ ಹೆಂಗಸರು ಬಿಡುತ್ತಾರೆಯೇ? "ನಿಮ್ ಬೀದೀಲೇ ಎಮ್ಮೆಲ್ಲೆ ಅವ್ರೆ, ನಮ್ ನಲ್ಲಿಗ್ಯಾಕ್ ಬತ್ತೀರಾ?"

ಒಂದು ದಿನ ನಾಗರತ್ನಳ ಸೊಂಟ ಹಿಡಿದುಕೊಂಡಿತು. ನೀರು ಹೊರುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ನೀರು ಹಂಡೆಗೆ, ಅರ್ಧ ನನ್ನ ಪಂಚೆಗೆ. ಒದ್ದೆ ಪಂಚೆಯಲ್ಲಿ ಅಂಗಡಿಗೆ ಹೋದರೆ, ಶಾಸಕರ ನೆರೆಯವನೆಂದು ಹೇಳಿಕೊಳ್ಳುವುದಕ್ಕೆ ನನಗೇ ನಾಚಿಕೆಯಾಗುತ್ತಿತ್ತು. ಆದರೂ ಹೇಳುತ್ತಿದ್ದೆ.

ಮತ್ತೆ ಚುನಾವಣೆ ಬಂತು. ಪಿಳ್ಳಪ್ಪನವರು ಮನೆಮನೆಗೂ ಹೋಗಿ ಕೈಮುಗಿದಂತೆ ನಮ್ಮ ಮನೆಗೂ ಬಂದರು. ನಾಗರತ್ನ ಮಜ್ಜಿಗೆಯ ಲೋಟ ಅವರ ಕೈಗೆ ಕೊಟ್ಟು, "ಅಣ್ಣಾ, ಈ ಸಲ ನಿಮ್ಗೆ ಓಟು ಆಕಲ್ಲ. ನೀವು ಸೋತ್ರೇನೇ ನಮ್ ಬೀದಿಗೆ ನೀರು" ಎಂದುಬಿಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಿಳ್ಳಪ್ಪನವರು, "ನೀನೇಳೋದೂ ಸರಿನೇ ಕಣಮ್ಮ" ಎಂದು ನಕ್ಕು ಮಜ್ಜಿಗೆ ಕುಡಿದು ಹೋದರು.

ಸೋತೇಬಿಟ್ಟರು. ಮರುದಿನದಿಂದ ಅವರ ಜಗಲಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನಾಗರತ್ನ ಅಂದು ಊಟ ಮಾಡಲಿಲ್ಲ. "ಓಟು ಆಕಲ್ಲ ಅಂದ್ರೆ ಬುದ್ಧಿ ಬತ್ತದೆ ಅಂದ್ಕೊಂಡೆ ಕಣ್ರೀ. ನಿಜವಾಗ್ಲೂ ಸೋತೇ ಓಗ್ತಾರೆ ಅಂತ ಯಾರಿಗ್ಗೊತ್ತು?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅವರೆಕಾಳಿನ ಸಾರು ಮಾಡಿ ಪಕ್ಕದ ಮನೆಗೆ ಕೊಟ್ಟು ಬಂದಳು. ನನಗೂ ಅನ್ನಿಸಿತು, ಅಂಥ ಮನುಷ್ಯ ಸೋಲಬಾರದಿತ್ತು.

ಪಿಳ್ಳಪ್ಪನವರು ಮಾತ್ರ ಆ ವಾರವೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಪುರಸಭೆಗೆ ಹೊರಟರು. "ಈಗ ಕೇಳ್ಬೋದು ಸ್ವಾಮಿ. ಈಗ ನಾನೂ ನಿಮ್ಮಂಗೇ ಕಂದಾಯ ಕಟ್ಟೋನು." ಹೋದರು, ಸಾಲಿನಲ್ಲಿ ನಿಂತರು, ಮತ್ತೆ ಮತ್ತೆ ಹೋದರು. ಕಡೆಗೊಂದು ದಿನ ನಲ್ಲಿ ಬಂತು. ನಾಗರತ್ನ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಬೀದಿಯವರೆಲ್ಲ ನೀರು ಹಿಡಿದಾದ ಮೇಲೆ ಪಿಳ್ಳಪ್ಪನವರು ತಮ್ಮ ಬಿಂದಿಗೆ ತಂದರು.

ಕೆಲವು ದಿನ ಕಳೆದು, ಕ್ಯಾಸಂಬಳ್ಳಿ ಕಡೆಯ ಗಿರಾಕಿಯೊಬ್ಬ ಅಂಗಡಿಯಲ್ಲಿ ಅಂಗಿ ಬಟ್ಟೆ ಸವರುತ್ತ, "ಎಮ್ಮೆಲ್ಲೆ ಪಕ್ಕದ ಮನೆ ಅಲ್ವಾ, ಅದ್ಕೇ ನಿಮ್ ಬೀದಿಗೆ ನಲ್ಲಿ ಬಂದೈತೆ" ಎಂದ. ಇಲ್ಲಪ್ಪಾ, ವಿಷಯ ಹೀಗೆ ಎಂದು ಹೇಳಬೇಕಿತ್ತು. "ಹ್ಞೂಂ, ನಾನೇ ಒಂದು ಮಾತು ಹೇಳಿದ್ದೆ" ಎಂದುಬಿಟ್ಟೆ. ತಲೆಯೆತ್ತಿದರೆ, ಅವನ ಹಿಂದೆಯೇ ಪಿಳ್ಳಪ್ಪನವರು, ಟವೆಲ್ಲು ಕೊಳ್ಳಲು ಬಂದು ನಿಂತಿದ್ದಾರೆ. ನನ್ನ ಕೈಯ ಕತ್ತರಿ ಅಲ್ಲೇ ನಿಂತಿತು.

"ಸ್ವಾಮಿ ಏಳೋದು ದಿಟ ಕಣಪ್ಪ. ಇವ್ರ ಮನೆಯೋರು ನಂಗೆ ಓಟು ಆಕ್ಲಿಲ್ಲ, ಅದ್ಕೇ ನಲ್ಲಿ ಬಂತು" ಎಂದರು ಅವರು. ಗಿರಾಕಿ ತಮಾಷೆಯೆಂದುಕೊಂಡು ನಕ್ಕ. ನಾನು ತಲೆ ತಗ್ಗಿಸಿ ಟವೆಲ್ಲು ಕಟ್ಟಿಕೊಟ್ಟೆ. ಅಧಿಕಾರವಿದ್ದಷ್ಟು ದಿನವೂ ಆ ಮನುಷ್ಯ ತಮ್ಮ ಹೆಸರನ್ನು ಸ್ವಂತಕ್ಕೆ ಬಳಸಿಕೊಳ್ಳಲಿಲ್ಲ. ಬಳಸಿಕೊಂಡವನು ಇಡೀ ಕ್ಷೇತ್ರದಲ್ಲಿ ನಾನೊಬ್ಬನೇ ಇರಬೇಕು, ಅದೂ ಅವರು ಸೋತ ಮೇಲೂ.