ಯಜಮಾನ ಕೂರುವಂತಿಲ್ಲ

ಪಾಂಚೆವೊ ಊರಿನಲ್ಲಿ ನನ್ನ ಸಹನೆ ಒಂದು ಪುರಾಣ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾಯುತ್ತಾ ಕೂತು, ನನ್ನ ಸರದಿಯನ್ನು ಹಿಂದಿದ್ದವರಿಗೆಲ್ಲ ದಾನ ಮಾಡಿ, ಕೊನೆಗೆ ಡಾಕ್ಟರೇ ದೀಪ ಆರಿಸಿ ಹೊರಟುಹೋದರೂ ನಗುನಗುತ್ತಾ ಮನೆಗೆ ಬಂದವನು ನಾನು. ನನಗೆ ಹಲ್ಲುನೋವಿಗಿಂತ ಡಾಕ್ಟರ ಭಯ ದೊಡ್ಡದಿತ್ತು ಎಂಬ ಸಣ್ಣ ವಿವರವನ್ನು ಪುರಾಣಗಳು ಹೇಳುವುದಿಲ್ಲ. ತಾಮಿಶ್ ನದಿ ಹಿಂದಕ್ಕೆ ಹರಿದರೂ ಬೋಗ್ದಾನ್ ಮೇಷ್ಟ್ರು ಎರಡನೇ ಕಾಫಿ ಮುಗಿಸಿಯೇ ಏಳುವುದು ಎಂದು ಊರಿನವರು ಹೇಳುತ್ತಾರೆ. ಹಾಗೆ ಹೇಳುತ್ತಾರೆ ಎಂದು ನಾನು ಹೇಳುತ್ತೇನೆ.

ಇಂಥ ನಾನು ಈ ವಸಂತದಲ್ಲಿ ಒಂದು ಭೀಷಣ ಶಪಥ ಮಾಡಿದೆ. ಹಳದಿ ವಿಮಾನದ ಅಪ್‌ಡೇಟ್ ಬರುವವರೆಗೂ ನನ್ನ ಬಾಯಿಂದ ಒಂದೇ ಒಂದು ಅಸಹನೆಯ ಮಾತು ಹೊರಡದು!

ವಿಷಯ ಇಷ್ಟು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದು ನನ್ನ ಹವ್ಯಾಸ. ಅದನ್ನು ಆಟ ಎಂದವರ ಜೊತೆ ನಾನು ಮಾತು ಬಿಡುತ್ತೇನೆ. ನಮ್ಮ ಮನೆಯ ಉಗ್ರಾಣದಲ್ಲಿ, ನನ್ನ ಹೆಂಡತಿ ಜೋರಿತ್ಸಾಳ ಉಪ್ಪಿನಕಾಯಿ ಜಾಡಿಗಳ ನಡುವೆ, ಹಳೆಯ ಕಾರಿನಿಂದ ಕಿತ್ತ ಒಂದು ಸೀಟು, ಮೂರು ಪರದೆ, ಒಂದು ಹಿಡಿಕೋಲು ಇವೆ. ಇದೇ ನನ್ನ ಕಾಕ್‌ಪಿಟ್. ಮೂಲ ತಂತ್ರಾಂಶವನ್ನು ಯಾರೋ ದೊಡ್ಡವರು ಮಾಡುತ್ತಾರೆ. ಅದರೊಳಗೆ ಹಾರಿಸಲು ಬಗೆಬಗೆಯ ವಿಮಾನಗಳನ್ನು ಅಲ್ಲಲ್ಲಿನ ಕುಶಲಿಗಳು ಮನೆಯಲ್ಲೇ ಕೂತು ಮಾಡಿ ಮಾರುತ್ತಾರೆ. ನಮ್ಮ ಬಯಲುಸೀಮೆಯ ಸೂರ್ಯಕಾಂತಿ ಹೊಲಗಳಿಗೆ ಒಂದು ಕಾಲದಲ್ಲಿ ಔಷಧಿ ಸಿಂಪಡಿಸುತ್ತಿದ್ದ ಪುಟ್ಟ ಹಳದಿ ವಿಮಾನವನ್ನು ಇಡೀ ಭೂಮಂಡಲದಲ್ಲಿ ಮಾಡಿದವನು ಸ್ಮೆದೆರೆವೊ ಊರಿನ ಸ್ರೆತೆನ್ ಒಬ್ಬನೇ. ಕೊಂಡವರು ನಾವು ಒಂದು ಹಿಡಿಯಷ್ಟು ಜನ.

ಚಳಿಗಾಲದ ಕೊನೆಯಲ್ಲಿ ಮೂಲ ತಂತ್ರಾಂಶ ಬದಲಾಯಿತು. ಅಂದಿನಿಂದ ಹಳದಿ ವಿಮಾನಕ್ಕೆ ರೋಗ ಹಿಡಿಯಿತು. ಹಾರುವಾಗ ಗರುಡ, ಇಳಿದ ಮರುಕ್ಷಣ, ಕೆರೆಗಿಳಿದ ಎಮ್ಮೆಯ ಹಾಗೆ ರೆಕ್ಕೆಯವರೆಗೂ ನೆಲದಲ್ಲಿ ಮುಳುಗಿ ಕೂತುಬಿಡುತ್ತಿತ್ತು. ಸರಿಪಡಿಸುತ್ತೇನೆ, ಶೀಘ್ರದಲ್ಲೇ, ಎಂದು ಸ್ರೆತೆನ್ ಬರೆದ. ಚೆರ್ರಿ ಹೂಬಿಟ್ಟಿತು, ಶೀಘ್ರದಲ್ಲೇ. ಚೆರ್ರಿ ಹಣ್ಣಾಯಿತು, ಶೀಘ್ರದಲ್ಲೇ. ಬೇಸಿಗೆಯಲ್ಲಿ ಅವನು ವಿಮಾನದ ರೆಕ್ಕೆಯ ತಗಡು ಬಿಗಿಯುವ ಒಂದು ರಿವೆಟ್ಟಿನ ಚಿತ್ರ ಹಾಕಿದ. ಎಷ್ಟು ಚೆಂದದ ರಿವೆಟ್ಟು! ಗ್ರಾಹಕರೆಲ್ಲ ವಾರಗಟ್ಟಲೆ ಅದರ ನೆರಳಿನ ಬಗ್ಗೆ ಚರ್ಚಿಸಿದೆವು. ಯಾರಾದರೂ ಗೊಣಗಿದರೆ ನಾನು ಸಹನೆಯ ಉಪದೇಶ ಬರೆಯುತ್ತಿದ್ದೆ. ಅವಸರಕ್ಕೆ ಹೆತ್ತ ಕೂಸು ಕುರುಡು, ಗೆಳೆಯರೇ, ಎಂದು.

ಆದರೆ ಸೆಪ್ಟೆಂಬರಿನಲ್ಲಿ ನನ್ನ ನಾಲಿಗೆ ನನ್ನ ಕತ್ತು ಕೊಯ್ಯಿತು.

ನನ್ನ ಮಾವ ವಿತೊಮಿರ್ ಆ ಹಳದಿ ವಿಮಾನದ ನಿಜವಾದ ಪೈಲಟ್ ಆಗಿದ್ದವರು. ಆಯುಷ್ಯದ ಅರ್ಧವನ್ನು ಸೂರ್ಯಕಾಂತಿಗಳ ನೆತ್ತಿ ಸವರುತ್ತಾ ಕಳೆದವರು. ಮೊದಲ ಸಲ ನನ್ನ ಕಾಕ್‌ಪಿಟ್ ನೋಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಳಿಯಂದ್ರೇ, ಸೀಟು ಚೆನ್ನಾಗಿದೆ. ಕಾರೆಲ್ಲಿ?" ಆಮೇಲೆ ಇಷ್ಟು ವರ್ಷ ಆ ಕಡೆ ತಲೆಯನ್ನೂ ಹಾಕಿರಲಿಲ್ಲ. ಅಂಥವರು ಒಂದು ಭಾನುವಾರ ಊಟದ ಮೇಲೆ, ಈಗ ಕನಸಿನಲ್ಲಿ ಬರೀ ಹಾರುತ್ತೇನೆ, ಇಳಿಯುವ ಮೊದಲೇ ಎಚ್ಚರವಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಹೊಟ್ಟೆಯಲ್ಲಿ ರಾಕಿಯಾ ಇತ್ತು. ಪ್ಲಮ್ಮಿನ ಆ ಸಾರಾಯಿ ಇಳಿದರೆ ನಾನು ಚಕ್ರವರ್ತಿ. ಎದ್ದು ನಿಂತು ಘೋಷಿಸಿದೆ: "ಮಾವ, ನಿಮ್ಮ ಎಂಬತ್ತನೇ ಹುಟ್ಟುಹಬ್ಬದ ಸಂಜೆ ನಿಮ್ಮನ್ನ ಹಳದಿ ವಿಮಾನದಲ್ಲಿ ಕೂರಿಸ್ತೀನಿ. ಕೊವಾಚಿತ್ಸಾ ಬಯಲಲ್ಲಿ ನೀವೇ ಇಳಿಸ್ತೀರಿ."

ಮಾವ ಮಾರನೇ ದಿನವೇ ಹೋಗಿ ತಮ್ಮ ಹಳೆಯ ಚರ್ಮದ ಜಾಕೆಟ್ಟನ್ನು ಶುಚಿ ಮಾಡಲು ಕೊಟ್ಟು ಬಂದರು. ಜಾಕೆಟ್ಟು ತೊಳೆಸಿದ ಮನುಷ್ಯನಿಗೆ ಶೀಘ್ರದಲ್ಲೇ ಎಂದು ಹೇಳುವುದು ಹೇಗೆ? ಅಂದಿನಿಂದ ನನ್ನ ನಿದ್ದೆ ಹಾರಿತು. ಹಾರಿದ್ದು ಇಳಿಯಲೇ ಇಲ್ಲ.

ಹುಟ್ಟುಹಬ್ಬ ಸಂತ ಲೂಕನ ದಿನ, ಗುರುವಾರ. ಆ ವಾರ ಸ್ರೆತೆನ್ ಬರೆದ: "ಗುರುವಾರ ನಮ್ಮ ಮನೆಯ ಸ್ಲಾವಾ. ನೆಂಟರು ಹೋದ ಮೇಲೆ ಏಳು ಗಂಟೆಗೆ ಅಪ್‌ಡೇಟ್ ಬಿಡುತ್ತೇನೆ. ನಮ್ಮಲ್ಲಿಗೆ ಬರುವವರು ಕಡಿಮೆ. ಬೆಳಿಗ್ಗೆ ಪಾದ್ರಿ, ಮಧ್ಯಾಹ್ನ ಚಿಕ್ಕಮ್ಮ, ಅಷ್ಟೇ."

ಓದಿ ಹಿಗ್ಗಿದೆ. ಮರುಕ್ಷಣ ಕುಗ್ಗಿದೆ. ಸ್ಲಾವಾ, ಅಂದರೆ ಮನೆತನದ ಸಂತನ ಹಬ್ಬ ಎಂದರೆ ಬೆಳಿಗ್ಗೆಯಿಂದ ರಾಕಿಯಾ. ಅವನು ಕುಡಿದು ಮಲಗಿಬಿಟ್ಟರೆ? ಏಳು ಗಂಟೆಗೆ ಅವನನ್ನು ಯಾರಾದರೂ ಕಂಪ್ಯೂಟರಿನ ಮುಂದೆ ಕೂರಿಸಬೇಕಲ್ಲ? ಆಗ ಹೊಳೆಯಿತು. ನಮ್ಮ ಜನರಲ್ಲಿ ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಗೊತ್ತಿದ್ದವರು ಬರುತ್ತಾರೆ. ಬಂದವರನ್ನು ಯಾಕೆ ಬಂದೆ ಎಂದು ಕೇಳುವಂತಿಲ್ಲ. ವಿಳಾಸವೋ, ಅವನ ಅಂತರ್ಜಾಲ ಪುಟದ ಕೊನೆಯಲ್ಲೇ ಇತ್ತು!

ಗುರುವಾರ ಶಾಲೆಗೆ ರಜೆ ಹಾಕಿ, ಒಂದು ಬಾಟಲಿ ವೈನು, ಒಂದು ಪೊಟ್ಟಣ ಕಾಫಿಪುಡಿ ಹಿಡಿದು ಹೊರಟೆ. ಜೋರಿತ್ಸಾ ಬಾಗಿಲಿಗೆ ಅಡ್ಡ ನಿಂತಳು.

"ಯಾರ ಮನೆಗ್ರೀ?"

"ಗೆಳೆಯ ಸ್ರೆತೆನ್ ಮನೆಗೆ. ಸ್ಲಾವಾ."

"ಅವರ ಮುಖ ನೋಡಿದೀರಾ?"

"ಮುಖ ಯಾಕೆ? ಅವನ ರಿವೆಟ್ಟು ನೋಡಿದೀನಿ."

"ಸಂಜೆ ಎಂಟಕ್ಕೆ ಅಪ್ಪ ಬರ್ತಾರೆ. ನೀವು ಇಲ್ಲದಿದ್ರೂ ಪರವಾಗಿಲ್ಲ, ವಿಮಾನ ಇರ್ಬೇಕು" ಎಂದು ದಾರಿ ಬಿಟ್ಟಳು.

ಬಸ್ಸಿಳಿದು, ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿದೆ. ತೆರೆದದ್ದು ಕಪ್ಪು ಉಡುಪಿನ ಪುಟ್ಟ ಮುದುಕಿ, ಸ್ರೆತೆನನ ತಾಯಿ ದೇಸಾಂಕಾ. ಅಪರಿಚಿತನನ್ನು ಕಂಡು ಅವರ ಮುಖ ದೀಪದಂತೆ ಬೆಳಗಿತು. ಒಳಕ್ಕೆ ಎಳೆದುಕೊಂಡು ಮೂರು ಮುತ್ತು ಕೊಟ್ಟರು, ಕೋಟು ಕಳಚಿಸಿ ಪಕ್ಕದ ಕೋಣೆಯ ಮಂಚದ ಮೇಲೆ ಹಾಕಿದರು, ಸಕ್ಕರೆ-ಅಕ್ರೋಟು ಬೆರೆಸಿದ ಬೆಂದ ಗೋಧಿಯನ್ನು ಬಾಯಿಗೇ ಇಟ್ಟರು.

"ಸ್ರೆತೆನ್, ನಿನ್ನ ಗೆಳೆಯ ಬಂದಿದಾನೆ ಕಣೋ."

"ಯಾರಮ್ಮಾ?"

"ಯಾರಾದ್ರೇನು? ಬಂದ ಮೇಲೆ ಗೆಳೆಯನೇ."

ಮೇಜಿನ ತುದಿಯಲ್ಲಿ, ಉರಿಯುವ ಮೇಣದಬತ್ತಿಯ ಪಕ್ಕ, ತಾಯಿ ಆರಿಸಿದ ಟೈ ಕಟ್ಟಿಕೊಂಡು ಬಾಟಲಿ ಹಿಡಿದು ನಿಂತಿದ್ದ ತೆಳ್ಳನೆಯ ಮನುಷ್ಯನೇ ಸ್ರೆತೆನ್. ನಿಂತೇ ಇದ್ದ. ಸ್ಲಾವಾದ ದಿನ ಮನೆಯಲ್ಲಿ ನೆಂಟರಿರುವವರೆಗೂ ಯಜಮಾನ ಕೂರುವಂತಿಲ್ಲ, ನಿಂತು ಬಡಿಸಬೇಕು. ಒಳ್ಳೆಯದೇ ಆಯಿತು, ನಿಂತವನು ನಿದ್ದೆ ಮಾಡುವುದಿಲ್ಲ ಎಂದು ಸಮಾಧಾನ ಪಟ್ಟೆ. ಚಿಕ್ಕಮ್ಮನ ಪಕ್ಕ ಕೂತು ಹುರಿದ ಹಂದಿಮಾಂಸಕ್ಕೆ ಕೈ ಹಾಕಿದೆ.

ಅಷ್ಟರಲ್ಲಿ ಇನ್ನೊಬ್ಬ ಬಂದ. ದಪ್ಪ ಮೀಸೆಯವನು. ಕೈಯಲ್ಲಿ ವೈನು, ಕಾಫಿಪುಡಿ. ತಾನು ಚಿಕ್ಕಮ್ಮನ ತೀರಿಹೋದ ಗಂಡನ ಕಡೆಯವನು ಎಂದ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡರು.

"ನಮ್ಮವರ ಯಾವ ಕಡೆಯಪ್ಪಾ?"

"ಕೆಳಗಿನ ಕಡೆ, ಚಿಕ್ಕಮ್ಮ."

ಆ ದನಿ! ಪ್ರತಿ ಸಂಜೆ ಗ್ರಾಹಕರ ಹರಟೆಯಲ್ಲಿ ನನ್ನ ಹೆಡ್‌ಫೋನಿನಿಂದ ಕೇಳುವ ದನಿ! ಉಝಿತ್ಸೆ ಊರಿನ ಗ್ವೋಜ್ದೆನ್! ಹಳದಿ ವಿಮಾನದ ಗ್ರಾಹಕರಲ್ಲೆಲ್ಲ ದೊಡ್ಡ ಗೊಣಗ. ನನ್ನ ನಮಸ್ಕಾರ ಕೇಳಿ ಅವನೂ ನನ್ನ ದನಿ ಗುರುತು ಹಿಡಿದ. ಸಿಗರೇಟಿನ ನೆಪದಲ್ಲಿ ಇಬ್ಬರೂ ಬಾಲ್ಕನಿಗೆ ಹೋದೆವು.

"ಸಹನೆಯ ಸಂತರು ಇಲ್ಲೇನು ಮಾಡ್ತಿದೀರಿ?" ಎಂದ ಗ್ವೋಜ್ದೆನ್.

"ಸಹನೆಯಿಂದ ಕಾಯ್ತಿದೀನಿ. ಸ್ವಲ್ಪ ಹತ್ತಿರದಿಂದ."

ನಾವು ಒಳಗೆ ಬರುವಷ್ಟರಲ್ಲಿ ಮತ್ತಿಬ್ಬರು. ಆಮೇಲೆ ಮೂವರು ಒಟ್ಟಿಗೆ. ಎಲ್ಲರ ಕೈಯಲ್ಲೂ ವೈನು ಮತ್ತು ಕಾಫಿಪುಡಿ, ಎಲ್ಲರ ಕಣ್ಣಲ್ಲೂ ಏಳು ಗಂಟೆ. ಒಬ್ಬ ಸ್ರೆತೆನನ ಶಾಲೆಯ ಸಹಪಾಠಿಯಾದ, ಇನ್ನೊಬ್ಬ ಸೈನ್ಯದಲ್ಲಿ ಜೊತೆಗಿದ್ದವನಾದ. ಸ್ರೆತೆನ್ ಸೈನ್ಯಕ್ಕೆ ಹೋಗಿಯೇ ಇರಲಿಲ್ಲ ಎಂದು ಚಿಕ್ಕಮ್ಮ ನನ್ನ ಕಿವಿಯಲ್ಲಿ ಹೇಳಿದರು. ಮೇಜು ಸಾಲದಾಯಿತು. ದೇಸಾಂಕಾ ಅಮ್ಮ ನೆರೆಮನೆಯಿಂದ ಕುರ್ಚಿ ತಂದರು, ತಟ್ಟೆ ತಂದರು, ಕೊನೆಗೆ ನೆರೆಮನೆಯವರ ಸಾರ್ಮಾವನ್ನೇ ಪಾತ್ರೆ ಸಮೇತ ತಂದರು. ಎಲೆಕೋಸಿನಲ್ಲಿ ಸುತ್ತಿದ ಆ ಮಾಂಸದುಂಡೆಗಳ ಮುಂದೆ ಕೆಲಹೊತ್ತು ನಾನು ವಿಮಾನವನ್ನು ಮರೆತೆನೆಂದು ಒಪ್ಪಿಕೊಳ್ಳುತ್ತೇನೆ.

ಏಳು ಹತ್ತಿರವಾಯಿತು. ಸುತ್ತ ಕಣ್ಣಾಡಿಸಿದೆ. ಕಂಪ್ಯೂಟರ್ ಎಲ್ಲೂ ಕಾಣಲಿಲ್ಲ. ಮಗನ ಕೆಲಸದ ಕೋಣೆ ಎಲ್ಲಮ್ಮಾ ಎಂದು ದೇಸಾಂಕಾ ಅಮ್ಮನನ್ನು ಉಪಾಯವಾಗಿ ಕೇಳಿದೆ.

"ಇದೇ ಅಪ್ಪಾ ಕೋಣೆ, ಇದೇ ಅವನ ಮೇಜು. ವರ್ಷವಿಡೀ ಇದರ ಮೇಲೆ ಆ ಡಬ್ಬಗಳು. ಇವತ್ತು ಎಲ್ಲ ಕಿತ್ತು ಮಂಚದ ಮೇಲೆ ಹಾಕ್ದೆ."

ಗ್ರಾಹಕರೆಲ್ಲ ನಮ್ಮ ತಟ್ಟೆಗಳನ್ನು ನೋಡಿಕೊಂಡೆವು. ನಾವು ಉಣ್ಣುತ್ತಿದ್ದದ್ದು ವಿಮಾನ ಕಾರ್ಖಾನೆಯ ಮೇಲೆಯೇ! ಕರವಸ್ತ್ರದ ನೆಪ ಹೇಳಿ ಪಕ್ಕದ ಕೋಣೆಗೆ ಓಡಿದೆ. ಮಂಚದ ಮೇಲೆ ಕೋಟುಗಳ ಬೆಟ್ಟ. ಒಂದೊಂದಾಗಿ ಎತ್ತಿ ಅಗೆದೆ. ತಳದಲ್ಲಿ, ತಂತಿ ಕಿತ್ತ ಯಂತ್ರವನ್ನು ತಬ್ಬಿಕೊಂಡು ಮಲಗಿದ್ದದ್ದು ಎಲ್ಲರಿಗಿಂತ ಮೊದಲು ಬಂದ ಮಹಾನುಭಾವನ ಕೋಟು. ನನ್ನದೇ.

ಹಿಂದಿನಿಂದ ಸ್ರೆತೆನ್ ಬಂದ, ಕೈಯಲ್ಲಿ ಖಾಲಿ ಬಾಟಲಿ. "ಎಲ್ಲ ಸಿದ್ಧವಾಗಿದೆ. ತಂತಿ ಬರೋದು ಆ ಮೇಜಿಗೆ ಮಾತ್ರ. ಅದು ಖಾಲಿಯಾದ್ರೆ ಜೋಡಿಸಿ, ಕೂತು, ಒಂದು ಗುಂಡಿ ಒತ್ತೋದು. ಅಷ್ಟೇ."

"ನಾವೆಲ್ಲ ಯಾರು ಅಂತ ಗೊತ್ತಾ ನಿನಗೆ?"

"ಬಾಗಿಲಲ್ಲೇ ಗೊತ್ತಾಯ್ತು. ಅಮ್ಮಂಗೆ ಹೇಳ್ಬೇಡಿ." ಅವನು ಬಾಗಿಲ ಕಡೆ ನೋಡಿದ. "ಅಪ್ಪ ಹೋದ್ಮೇಲೆ ನಮ್ಮನೆ ಸ್ಲಾವಾಗೆ ಯಾರೂ ಬರ್ತಿರ್ಲಿಲ್ಲ. ನಿನಗೆ ಒಬ್ಬನಾದ್ರೂ ಗೆಳೆಯ ಇಲ್ವೇನೋ ಅಂತ ಅಮ್ಮ ವರ್ಷಾವರ್ಷ ಅಳ್ತಿದ್ಲು."

ಬಾಲ್ಕನಿಯಲ್ಲಿ ತುರ್ತು ಸಭೆ ಸೇರಿತು. ಒಂದೇ ದಾರಿ, ಎಲ್ಲರೂ ಒಟ್ಟಿಗೆ ಎದ್ದು ಹೊರಡುವುದು. ಆದರೆ ಮೊದಲು ಏಳುವವನು ಯಾರು? ಸರ್ವಾನುಮತದಿಂದ ನನ್ನನ್ನೇ ಸೇನಾಪತಿಯಾಗಿ ಆರಿಸಿದರು. ಒಳಗೆ ಬಂದು, ಗಂಟಲು ಸರಿಮಾಡಿಕೊಂಡು, ಹೊರಡುತ್ತೇವೆ ತಾಯಿ ಎಂದೆ.

ದೇಸಾಂಕಾ ಅಮ್ಮನ ಕೈಯಲ್ಲಿ ಕೇಕಿನ ತಟ್ಟೆಯಿತ್ತು. ಅದನ್ನು ಮೇಜಿನ ನಡುವೆ ಇಟ್ಟರು. ಹೋದ ವರ್ಷ ಮಾಡಿದ ಕೇಕನ್ನೆಲ್ಲ ನೆರೆಹೊರೆಗೆ ಹಂಚಿದೆ, ಈ ಸಲ ಗೆಳೆಯರು ತಿನ್ನುತ್ತಾರೆಂದುಕೊಂಡಿದ್ದೆ ಎಂದರು. ಬೇಸರದಿಂದಲ್ಲ, ಸುಮ್ಮನೆ ಮಾಹಿತಿಗಾಗಿ ಹೇಳುವ ಹಾಗೆ. ಸೇನಾಪತಿ ಹಿಂತಿರುಗಿ ನೋಡಿದ. ಸೈನ್ಯವೆಲ್ಲ ಆಗಲೇ ಕೂತು ಚಮಚ ಹಿಡಿದಿತ್ತು.

ಕೇಕು ಮುಗಿಯಿತು. ಏಳೂ ದಾಟಿತು. ಮತ್ತೆ ಎದ್ದೆವು. ಈ ಸಲ ಕೋಟುಗಳವರೆಗೂ ತಲುಪಿದೆವು. ಅಷ್ಟರಲ್ಲಿ ಬಾಗಿಲ ಗಂಟೆ ಮೊಳಗಿತು. ಹೊಸ ನೆಂಟರು, ಐದಾರು ಜನ. ಏಳಾದರೂ ಅಪ್‌ಡೇಟ್ ಬರಲಿಲ್ಲವಲ್ಲ, ಏನಾಯಿತೋ ಎಂಬ ಆತಂಕದಿಂದ ಬೆಲ್‌ಗ್ರೇಡಿನಿಂದ ಕಾರು ಹತ್ತಿ ಓಡಿಬಂದವರು! ಕೈಯಲ್ಲಿ ವೈನು, ಕಾಫಿಪುಡಿ. ದೇಸಾಂಕಾ ಅಮ್ಮ ಆನಂದದಿಂದ ಕಣ್ಣೊರೆಸಿಕೊಂಡು, ಹೊಸಬರು ತಾವಷ್ಟೇ ಉಣ್ಣಬಾರದೆಂದು ಹಳಬರ ಕೋಟುಗಳನ್ನು ಮತ್ತೆ ಕಳಚಿದರು. ಸ್ರೆತೆನ್ ಹೊಸ ಬಾಟಲಿ ತೆರೆದ. ನಿಂತೇ ತೆರೆದ.

ಎಂಟಕ್ಕೆ ಫೋನು ಬಂತು. ಜೋರಿತ್ಸಾ.

"ಅಪ್ಪ ಜಾಕೆಟ್ಟು ಹಾಕ್ಕೊಂಡು ಆರು ಗಂಟೆಗೇ ಬಂದು ನಿಮ್ಮ ಸೀಟಲ್ಲಿ ಕೂತಿದಾರೆ. ಉಪ್ಪಿನಕಾಯಿ ತಗೊಳ್ಳೋಕೂ ಒಳಗೆ ಬಿಡ್ತಿಲ್ಲ. ಏನು ಹೇಳ್ಲಿ?"

ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಮಾವನ ಕೈಗೆ ಹೋಗಿತ್ತು.

"ಅಳಿಯಂದ್ರೇ, ಎಂಜಿನ್ ಎಲ್ಲಿ?"

ಹಬ್ಬದ ಗದ್ದಲದಿಂದ ಬಾಲ್ಕನಿಗೆ ಸರಿದು, ನಡೆದದ್ದನ್ನು ಆದಷ್ಟು ಗೌರವಯುತವಾಗಿ ವಿವರಿಸಿದೆ. ವಿಮಾನ ಸಿದ್ಧವಾಗಿದೆ, ಒಂದು ಗುಂಡಿ ಒತ್ತುವುದಷ್ಟೇ ಬಾಕಿ, ಆದರೆ ಮಾಡಿದವನ ಮನೆಯಲ್ಲಿ ಸ್ಲಾವಾ, ನೆಂಟರಿದ್ದಾರೆ, ಆದ್ದರಿಂದ ಅವನು ಕೂರುವಂತಿಲ್ಲ ಎಂದೆ. ಮಾವ ಹಳೆಯ ಕಾಲದವರು. ಪದ್ಧತಿ ಎಂದರೆ ಪದ್ಧತಿ.

"ಸರಿಯಾಗೇ ಮಾಡ್ತಿದಾನೆ ಹುಡುಗ. ಯಜಮಾನ ಆದವನು ಕೂರಬಾರ್ದು" ಎಂದರು. ಆ ಕಡೆಯಿಂದ ಜಾಕೆಟ್ಟಿನ ಚರ್ಮ ಕಿರ್ರೆನ್ನುವುದು ಕೇಳಿಸಿತು. ಅವರೇ ಮುಂದುವರಿಸಿದರು. "ಆದ್ರೆ ಇವರೆಂಥಾ ನೆಂಟರು? ನಮ್ಮ ಕಾಲದಲ್ಲಿ ಗೋಧಿ ತಿಂದು, ಒಂದು ಗುಟುಕು ಹಾಕಿ, ಊಟ ಮಾಡಿ ಮನೆಗೆ ಹೋಗ್ತಿದ್ರು. ಇವರಿಗೆ ಮನೆ ಇಲ್ವಾ, ಹೆಂಡ್ತಿ ಇಲ್ವಾ, ಮಾನ ಇಲ್ವಾ? ಒಬ್ಬ ಮನುಷ್ಯನ್ನ ಬೆಳಿಗ್ಗೆಯಿಂದ ಕಾಲ ಮೇಲೆ ನಿಲ್ಲಿಸಿ ತಿಂತಾ ಕೂತಿದಾರಲ್ಲ, ಯಾರು ಅಳಿಯಂದ್ರೇ ಆ ನಾಚಿಕೆಗೆಟ್ಟವರು?"

"ನಾವೇ, ಮಾವ."