ಛತ್ರಿ ಚೀಲದ ಹೀರೇಕಾಯಿ ಸಿಪ್ಪೆ

ನಮ್ಮ ಅಕ್ಕನ ಪ್ರಕಾರ ಈ ಭೂಮಿಯ ಮೇಲಿರುವವರೆಲ್ಲ ಮೂರರಿಂದ ಆರು ವರ್ಷದೊಳಗಿನವರು. ಅವರಲ್ಲಿ ಕೆಲವರಿಗೆ ಮೀಸೆ ಬಂದಿದೆ, ಕೆಲವರಿಗೆ ಹಲ್ಲು ಬಿದ್ದಿವೆ, ವ್ಯತ್ಯಾಸ ಅಷ್ಟೇ!

ನಂಬಿಕೆ ಬರದಿದ್ದರೆ ಒಮ್ಮೆ ಅವಳ ಜೊತೆ ಚಿಕ್ಕೋಡಿ ಬಸ್ಸು ಹತ್ತಿ ನೋಡಿ. ನೂಕಾಡದೆ ಒಬ್ಬೊಬ್ಬರಾಗಿ ಹತ್ತಿದರೆ ಬಾಗಿಲಲ್ಲೇ ನಿಂತು ಎಲ್ಲರಿಗೂ ಶಾಬ್ಬಾಸ್ ಎನ್ನುತ್ತಾಳೆ. ಅವಳ ಮನೆಯಲ್ಲಿ ನಮ್ಮ ಭಾವ ಊಟ ಮುಗಿಸಿ ಏಳುವ ಮೊದಲು ತಾಟು ತೋರಿಸಿಯೇ ಏಳಬೇಕು. ಒಂದು ಸಲ ಮೇಲಿನವರೊಬ್ಬರು ಅವಳ ಅಂಗನವಾಡಿ ನೋಡಲು ಬಂದಿದ್ದರು. ಬಾಗಿಲಲ್ಲೇ ಅವರನ್ನು ನಿಲ್ಲಿಸಿ, ಉಗುರು ತೋರಿಸಿ ಎಂದಳಂತೆ. ಪಾಪ, ಆ ಸಾಹೇಬರು ಹೋಗುವವರೆಗೂ ಕೈಯನ್ನು ಕಿಸೆಯಿಂದ ಹೊರಗೆ ತೆಗೆಯಲಿಲ್ಲ.

ಹೌದು, ಅಕ್ಕ ನಮ್ಮ ಊರಿನ ಅಂಗನವಾಡಿಯವಳು. ಊರೆಲ್ಲ ಅವಳನ್ನು ಅಕ್ಕಾರು ಎನ್ನುತ್ತದೆ. ನಾನು ಅವಳ ತಮ್ಮ. ಐದನೇ ಇಯತ್ತೆಗೇ ಸಾಲಿ ಬಿಟ್ಟು ದಫ್ತರ ಕೆಳಗಿಟ್ಟವನು. ಮುಂಜಾನೆ ಮನೆಮನೆಯ ಹಾಲು ಕೂಡಿಸಿ ಸದಲಗಾದ ಡೈರಿಗೆ ಹಾಕುವುದು ನನ್ನ ಕೆಲಸ. ಬರೆದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅಕ್ಕನನ್ನು ನೋಡಿ ನಗುವವರು ನನ್ನದೊಂದು ತಪ್ಪನ್ನೂ ತಿಳಿದುಕೊಂಡು ನಗಲಿ ಎಂದು.

ಸಾಲಿ, ಅಂಗನವಾಡಿ ಎಲ್ಲ ಬಾಗಿಲು ಹಾಕಿದ ಆ ವರ್ಷ ನಿಮಗೆ ನೆನಪಿರಬಹುದು. ಮಕ್ಕಳಿಗೆ ಮನೆಯಲ್ಲೇ, ಫೋನಿನ ಮೇಲೆ ಕಲಿಸಬೇಕು ಎಂದು ಹೇಳಿದರು. ಬೇರೆ ಅಂಗನವಾಡಿಯವರು ಮೇಲಿನಿಂದ ಬಂದ ಪಾಠವನ್ನು ಹಾಗೇ ಮುಂದೆ ಕಳಿಸಿ ಕೈ ತೊಳೆದುಕೊಂಡರು. ಅಕ್ಕ ಹಾಗೆ ಮಾಡುವವಳೇ? ಮೊದಲ ದಿನ ತಲೆ ಬಾಚಿ, ಹೂ ಮುಡಿದು, ಇಸ್ತ್ರಿ ಸೀರೆ ಉಟ್ಟು ನಮ್ಮ ಮನೆಯ ಕಟ್ಟೆಗೆ ಬಂದು ಫೋನ್ ಹಚ್ಚಿದಳು. ವಿಡಿಯೋ ಅಲ್ಲ, ಬರೀ ಮಾತಿನ ಫೋನು! ಕಾಣುವುದಿಲ್ಲವಲ್ಲ ಎಂದರೆ, ಸೀರೆಯ ನಿರಿಗೆ ಸರಿಯಿಲ್ಲದಿದ್ದರೆ ದನಿಯಲ್ಲಿ ಗೊತ್ತಾಗುತ್ತದೆ ಎಂದಳು.

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಮಗು ಫೋನಿಗೆ ಬಂದ ಕೂಡಲೇ ಅಕ್ಕ ನೆಲಕ್ಕೆ ಕುಳಿತುಬಿಡುತ್ತಿದ್ದಳು. ಯಾಕೆ ಎಂದು ಕೇಳಿದೆ.

"ಕೂಸು ಗಿಡ್ಡ ಇರತೈತಲ್ಲೋ ತಮ್ಮಾ. ನಾ ನಿಂತು ಮಾತಾಡಿದ್ರ ಮ್ಯಾಲಿಂದ ಮಾತಾಡಿದಂಗ ಆಗತೈತಿ."

ತಾಯಿಗೆ ಫೋನ್ ಹೋದರೆ ಮತ್ತೆ ಎದ್ದು ನಿಲ್ಲುತ್ತಿದ್ದಳು. ತಾಯಿ ಮಗು ಇಬ್ಬರೂ ಫೋನಿಗಾಗಿ ಕಿತ್ತಾಡುವ ಮನೆಗೆ ಮಾತಾಡಿದ ದಿನ ಅವಳ ಮೊಣಕಾಲಿನ ಗತಿ ಕೇಳಬೇಡಿ.

ಅವಳು ಕೊಡುವ ಪಾಠಕ್ಕೆ ಪುಸ್ತಕ ಬೇಡ, ಪಾಟಿ ಬೇಡ. ತಾಯಂದಿರಿಗೆ ಮೊದಲೇ ಕೈ ತುಂಬ ಕೆಲಸ, ಅದರ ಮೇಲೆ ಮಾಸ್ತರಿಕೆ ಬೇರೆ ಯಾಕೆ ಎಂದು, ಇದ್ದ ಕೆಲಸದಲ್ಲೇ ಪಾಠ ಹುಡುಕುತ್ತಿದ್ದಳು. ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ಸಪ್ಪಳ ಎಣಿಸು. ಶೇಂಗಾ ಸುಲಿಯುವಾಗ ಒಂದು ಕಾಳಿನದು ಬೇರೆ, ಎರಡು ಕಾಳಿನದು ಬೇರೆ ಇಡು. ಮನೆಯವರ ಚಪ್ಪಲಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸು. ಈ ಚಪ್ಪಲಿ ಪಾಠದ ಮರುದಿನ ಒಬ್ಬ ಅಜ್ಜ ನೇರವಾಗಿ ಕಟ್ಟೆಗೇ ಬಂದರು. ಮೊಮ್ಮಗ ಜೋಡಿಯಲ್ಲ, ಬಿಡಿಬಿಡಿಯಾಗಿ ಅಳತೆ ಹಿಡಿದು ಜೋಡಿಸಿದ್ದನಂತೆ. ಅಜ್ಜ ಕತ್ತಲಲ್ಲಿ ಹಾಕಿಕೊಂಡು ಹೊಲಕ್ಕೆ ಹೋಗಿ ನೋಡಿದರೆ ಒಂದು ಕಾಲಲ್ಲಿ ತಮ್ಮದು, ಇನ್ನೊಂದರಲ್ಲಿ ಸೊಸೆಯದು. ಅಕ್ಕ ಸಾವಕಾಶ ಕೇಳಿ, ಎರಡರಲ್ಲಿ ಯಾವುದು ದೊಡ್ಡದಿತ್ತು ಎಂದು ಅಜ್ಜನನ್ನೇ ಕೇಳಿದಳು. ಅಜ್ಜ ಉತ್ತರ ಹೇಳಿದರು. ಶಾಬ್ಬಾಸ್ ಎಂದಳು. ಜಗಳಕ್ಕೆ ಬಂದ ಮನುಷ್ಯ ನಗುತ್ತ ಹೋದರು!

ನಮ್ಮ ಕಡೆ ಅರ್ಧ ಮಕ್ಕಳ ಮನೆಮಾತು ಕನ್ನಡ, ಅರ್ಧ ಮಕ್ಕಳದು ಮರಾಠಿ. ಹಾಗಾಗಿ ಅಕ್ಕನ ಕಥೆಯಲ್ಲಿ ಎತ್ತು ಕನ್ನಡ ಮಾತಾಡುತ್ತಿತ್ತು, ಆಡು ಮರಾಠಿ. ಆಡು ಎತ್ತಿಗೆ ಟೋಪಿ ಹಾಕಿ ಮೇವು ತಿಂದುಬಿಟ್ಟಿತು. ಸಂಜೆಗೆ ಕನ್ನಡದ ಮನೆಯವರೊಬ್ಬರ ಫೋನು: ದಡ್ಡ ಎತ್ತು ನಮ್ಮದೇ ಯಾಕಾಗಬೇಕು? ಮರುದಿನ ಅಕ್ಕ ಎತ್ತನ್ನು ಶಾಣ್ಯಾ ಮಾಡಿದಳು. ಮರಾಠಿ ಮನೆಯಿಂದ ಫೋನು ಬಂತು. ಮೂರನೇ ದಿನ ಎತ್ತು, ಆಡು ಎರಡೂ ಮೇವು ಪಾಲು ಮಾಡಿಕೊಂಡು ತಿಂದವು. ಗಡಿ ತಂಟೆ ಅಲ್ಲಿಗೆ ಮುಗಿಯಿತು, ಕಥೆಯ ರುಚಿಯೂ ಮುಗಿಯಿತು.

ಇಷ್ಟಾದರೂ ಹನ್ನೆರಡು ಮನೆಗಳಿಗೆ ಅವಳ ದನಿ ಮುಟ್ಟುತ್ತಿರಲಿಲ್ಲ. ಕೆಲವರಲ್ಲಿ ಫೋನಿಲ್ಲ, ಇದ್ದರೆ ಮುಂಜಾನೆಯೇ ಅಪ್ಪನ ಕಿಸೆಯಲ್ಲಿ ಕಬ್ಬಿನ ಹೊಲಕ್ಕೆ ಹೋಗಿಬಿಡುತ್ತಿತ್ತು. ಅಕ್ಕ ಹಳೆಯ ಲಂಗದ ಬಟ್ಟೆಯಲ್ಲಿ ಹನ್ನೆರಡು ಚೀಲ ಹೊಲಿದಳು. ಓದಲು ಬಾರದ ಮಕ್ಕಳಲ್ಲವೇ, ಗುರುತಿಗೆ ಒಂದೊಂದರ ಮೇಲೂ ಚಿತ್ರ: ಮೀನು, ಬಾಳೆಹಣ್ಣು, ಛತ್ರಿ. ಸೋಮವಾರ ಆ ಚೀಲದಲ್ಲಿ ಕಾಗದ, ಬಣ್ಣ ಬರೆಯುವ ಖಡು, ಏನು ಮಾಡಬೇಕೆಂದು ತಾಯಿಗೆ ಹೇಳುವ ಚಿತ್ರ ಹೋಗಬೇಕು. ಶನಿವಾರ ಮಗು ಮಾಡಿದ್ದು ತುಂಬಿಕೊಂಡು ಬರಬೇಕು. ಒಯ್ಯುವವನು, ತರುವವನು ನಾನು. ಅವಳೇ ಹೋಗಬಹುದಿತ್ತು, ಆದರೆ ಜ್ವರ ಬಂದವರ ಮನೆಗಳ ಸರ್ವೆ ಅವಳ ಮೇಲೆ ಬಿದ್ದಿತ್ತು. ಆ ಮನೆ ತುಳಿದ ಕಾಲಲ್ಲಿ ಮಕ್ಕಳ ಮನೆ ತುಳಿಯಬಾರದು ಎಂಬುದು ಅವಳೇ ಹಾಕಿಕೊಂಡ ನಿಯಮ.

ಹಾಲಿನ ಕ್ಯಾನುಗಳ ಸುತ್ತ ಬಣ್ಣದ ಚೀಲ ಕಟ್ಟಿಕೊಂಡು ನನ್ನ ಮೋಟರ್ ಸೈಕಲ್ ಗಾಡಿ ಹೊರಟರೆ ಮಂದಿ ಮಸಾಲೆ ಮಾರುತ್ತೀಯೇನು ಎಂದು ಕೇಳುತ್ತಿದ್ದರು. ಹನ್ನೊಂದು ಚೀಲ ಹಾಲಿನ ದಾರಿಯಲ್ಲೇ ಹೋಗುತ್ತಿದ್ದವು. ಹನ್ನೆರಡನೆಯದು ಛತ್ರಿ. ಆ ಹುಡುಗಿಯ ಮನೆ ಕಾಲುವೆ ದಾಟಿ, ಕಬ್ಬಿನ ನಡುವಿನ ಎರೆಮಣ್ಣಿನ ದಾರಿಯ ಕೊನೆಗೆ. ತಂದೆ ತಾಯಿ ಮಂದಿಯ ಹೊಲ ನೋಡಿಕೊಂಡಿದ್ದವರು. ಹಾಲಿಲ್ಲದ ಮನೆ, ನನಗೆ ಅಲ್ಲಿ ಬೇರೆ ಕೆಲಸವಿಲ್ಲ. ಎರಡು ವಾರ ಹೋದೆ. ಮೂರನೇ ವಾರ ಮಳೆ ಹಿಡಿಯಿತು. ಗಾಡಿ ಜಾರಿ, ನಾನು ಕೆಸರಿಗೆ, ಅರ್ಧ ಕ್ಯಾನು ಹಾಲು ಕಾಲುವೆಗೆ.

ಅಂದಿನಿಂದ ನಾನು ಆ ಕಡೆ ಗಾಡಿ ತಿರುಗಿಸಲಿಲ್ಲ.

ಅಕ್ಕನಿಗೆ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಸೋಮವಾರ ಛತ್ರಿ ಚೀಲವನ್ನು ದನದ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕುತ್ತಿದ್ದೆ. ಶನಿವಾರ ನಾನೇ ತುಂಬಿ ಕೊಡುತ್ತಿದ್ದೆ. ಎಲೆ ತನ್ನಿ ಎಂದರೆ ಹಿತ್ತಲಿನ ಎಲೆ, ಕಲ್ಲು ತನ್ನಿ ಎಂದರೆ ಅಂಗಳದ ಕಲ್ಲು. ಚಿತ್ರ ತೆಗೆಯಿರಿ ಎಂದಾಗ ಎಡಗೈಯಲ್ಲಿ ಖಡು ಹಿಡಿದು ಕಬ್ಬಿನ ಟ್ರ್ಯಾಕ್ಟರ್ ತೆಗೆದೆ, ಎರಡು ಟ್ರಾಲಿ ಸಹಿತ! ಅಕ್ಕ ನೋಡಿ ಬೆರಗಾದಳು. ಐದು ವರ್ಷದ ಹುಡುಗಿ ಗಾಲಿಗಳನ್ನು ಎಷ್ಟು ಸರಿಯಾಗಿ ಇಟ್ಟಿದ್ದಾಳೆ ಎಂದು ಕೆಂಪು ಮಸಿಯಲ್ಲಿ ಒಂದು ಮೆಚ್ಚುಗೆಯ ಚುಕ್ಕಿ ಹಾಕಿದಳು. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಸಾಲಿಯಲ್ಲಿದ್ದಾಗ ನನಗೆ ಯಾರೂ ಚುಕ್ಕಿ ಹಾಕಿರಲಿಲ್ಲ. ಮುಂದಿನ ವಾರ ಟ್ರ್ಯಾಕ್ಟರಿಗೆ ಡ್ರೈವರನನ್ನೂ ಕೂರಿಸಿದೆ. ಹುಡುಗಿ ಹೇಗಿದ್ದಾಳೆ ಎಂದು ಅಕ್ಕ ಕೇಳಿದಾಗಲೆಲ್ಲ ಛಲೋ ಕಲಿಯುತ್ತಿದ್ದಾಳೆ ಎನ್ನುತ್ತಿದ್ದೆ. ಇಂಥ ಮಾತಿಗೆ ನಾಲಿಗೆ ಎಷ್ಟು ಬೇಗ ರೂಢಿಯಾಗುತ್ತದೆ ನೋಡಿ!

ಏಳು ವಾರ ಹೀಗೇ ನಡೆಯಿತು. ಸಿಕ್ಕಿಬಿದ್ದದ್ದು ಸಿಪ್ಪೆಯಿಂದ.

ಆ ವಾರದ ಪಾಠ: ನಿಮ್ಮ ಅಡುಗೆಮನೆಯಲ್ಲಿ ಇಂದು ಏನೇನು ಸುಲಿದರು, ಅದರ ಸಿಪ್ಪೆ ಕಳಿಸಿ. ತೆಳುವಾದದ್ದು, ದಪ್ಪದ್ದು, ಸಪ್ಪಳ ಮಾಡುವುದು ಎಂದು ಬೇರೆ ಮಾಡಲಿಕ್ಕೆ. ಶನಿವಾರ ಅಕ್ಕ ಕಟ್ಟೆಯ ಮೇಲೆ ಒಂದೊಂದೇ ಚೀಲ ಸುರಿದಳು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ. ಉಳ್ಳಾಗಡ್ಡಿ ಸಿಪ್ಪೆ ಗಾಳಿಗೆ ಹಾರಿ ಅಂಗಳವೆಲ್ಲ ಗುಲಾಬಿ ಬಣ್ಣವಾಯಿತು. ಒಳಗಿನಿಂದ ನಮ್ಮ ಅವ್ವ ಬಂದಳು. ನಾವು ಜೈನರು. ಅವ್ವ ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟುವವಳೇ ಅಲ್ಲ, ಅದರಲ್ಲೂ ಅದು ಚಾತುರ್ಮಾಸದ ಕಾಲ.

"ಚಾತುರ್ಮಾಸದಾಗ ಊರ ಮಂದಿ ಉಳ್ಳಾಗಡ್ಡಿ ಸಿಪ್ಪಿ ತಂದು ನನ್ನ ಕಟ್ಟಿ ಮ್ಯಾಲ ಸುರಿವೀಯಲ್ಲ, ನಿನಗ ಬುದ್ಧಿ ಹೇಳಾವ್ರು ಯಾರು?"

"ಯಾರಿಗೂ ತಿನ್ನು ಅಂದಿಲ್ಲಬೇ ಅವ್ವಾ, ಎಣಸಾಕ ಹೇಳೀನಿ," ಎಂದಳು ಅಕ್ಕ, ಛತ್ರಿ ಚೀಲ ಕೈಗೆತ್ತಿಕೊಳ್ಳುತ್ತ.

ಅದರಿಂದ ಬಿದ್ದದ್ದು ಒಂದೇ ಒಂದು ಉದ್ದನೆಯ ಹೀರೇಕಾಯಿ ಸಿಪ್ಪೆ, ಅವರೆಕಾಯಿಯ ನಾರು. ಅಕ್ಕ ಚೀಲವನ್ನು ಒಳಗು ಹೊರಗು ಮಾಡಿ ಝಾಡಿಸಿದಳು. ಮುಂಜಾನೆ ರೊಟ್ಟಿ, ಉಳ್ಳಾಗಡ್ಡಿ ಕಟ್ಟಿಕೊಂಡು ಹೊಲಕ್ಕೆ ನಡೆಯುವವರ ಮನೆಯಿಂದ ಉಳ್ಳಾಗಡ್ಡಿಯ ಒಂದು ಎಸಳು ಸಿಪ್ಪೆಯೂ ಇಲ್ಲ!

"ತಮ್ಮಾ, ಈ ಹುಡುಗಿ ಮನ್ಯಾಗ ಉಳ್ಳಾಗಡ್ಡಿ ತಿನ್ನೂದು ಯಾವಾಗಿಂದ ಬಿಟ್ಟಾರ?"

ತುಟ್ಟಿಯಾಗಿದೆಯಲ್ಲ, ಅದಕ್ಕೇ ಇರಬೇಕು ಎಂದೆ. ಅಕ್ಕ ಹೀರೇಕಾಯಿ ಸಿಪ್ಪೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ತುದಿಯಿಂದ ತುದಿಯವರೆಗೆ ಎಲ್ಲೂ ಹರಿಯದಂತೆ ಒಂದೇ ಎಳೆಯಾಗಿ ಸುರುಳಿ ಬಂದಿತ್ತು. ಹಾಗೆ ಸಿಪ್ಪೆ ತೆಗೆಯುವವರು ಊರಿಗೆ ಒಬ್ಬರೇ. ಆ ಒಬ್ಬರು ಬಾಗಿಲಲ್ಲೇ ನಿಂತಿದ್ದರು.

"ಅಯ್ಯ, ಇಲ್ಲೈತೇನು ಅದು? ಚಟ್ನಿ ಮಾಡಬೇಕಂತ ಮುಂಜಾನಿಂದ ಹುಡುಕಾಕತ್ತೀನಿ," ಎಂದಳು ಅವ್ವ.

ಅವ್ವ ಸಿಪ್ಪೆ ತೆಗೆದುಕೊಂಡು ಒಳಗೆ ಹೋದಳು. ಅಕ್ಕ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎಷ್ಟು ವಾರ ಎಂದು ಕೇಳಿದಳು. ಏಳು ಎಂದೆ. ಟ್ರ್ಯಾಕ್ಟರೂ ನಿನ್ನದೇನು ಎಂದಳು. ಹೂಂ ಎಂದೆ. ಅವಳು ಸಿಪ್ಪೆಗಳನ್ನು ಒಂದೊಂದಾಗಿ ಅವರವರ ಚೀಲಕ್ಕೆ ಹಾಕಿದಳು, ಛತ್ರಿ ಚೀಲವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಕ್ಕಳು ಅತ್ತಾಗ ಮಾಡಲು ಅವಳ ಹತ್ತಿರ ನೂರು ಉಪಾಯಗಳಿವೆ. ತನಗಾಗಿ ಒಂದೂ ಇರಲಿಲ್ಲ ಎಂದು ಆಗ ಗೊತ್ತಾಯಿತು.

ಅಷ್ಟರಲ್ಲಿ ಜ್ವರದ ಮನೆಗಳ ಸರ್ವೆ ಮುಗಿದು ಹತ್ತು ದಿನ ಕಳೆದಿದ್ದವು, ಅವಳ ನಿಯಮ ಈಗ ಅಡ್ಡ ಬರುತ್ತಿರಲಿಲ್ಲ. ಮರುದಿನ ಮುಂಜಾನೆ, ನಾನು ಹಾಲಿಗೆ ಹೊರಡುವ ಮೊದಲೇ, ಅಕ್ಕ ಮುಖಕ್ಕೆ ಸೆರಗು ಕಟ್ಟಿಕೊಂಡು ಬಂದು ಖಾಲಿ ಕ್ಯಾನುಗಳ ನಡುವೆ ಗಾಡಿ ಹತ್ತಿ ಕುಳಿತಳು. ಕಾಲುವೆಯ ಆಚೆ ಗಾಡಿ ಬಿಟ್ಟು ನಡೆದೆವು. ತಗಡಿನ ಮನೆಯ ಮುಂದೆ ಆ ತಾಯಿ ಕಟ್ಟಿಗೆ ಒಡೆಯುತ್ತಿದ್ದಳು. ಅಕ್ಕನನ್ನು ನೋಡಿ ಗಡಬಡಿಸಿ ಎದ್ದಳು.

"ಬರ್ರಿ ಅಕ್ಕಾರ. ನಮ್ಮ ಹುಡುಗಿ ಹೆಸರು ತಗದಿರಿ ಅನಕೊಂಡಿದ್ವಿರಿ. ದೂರ ಆಗತೈತಲ್ರಿ, ಯಾರ ಬರಬೇಕು."

ಸಿಟ್ಟಿನ ದನಿಯಲ್ಲ ಅದು. ನಮಗೆ ಅಷ್ಟೇ ದಕ್ಕುವುದು ಎಂದು ಒಪ್ಪಿಕೊಂಡವರ ದನಿ. ಮಗಳು ಎರಡು ವಾರ ದಿನವೂ ದಾರಿಗೆ ಬಂದು ನಿಂತಳಂತೆ. ಆಮೇಲೆ, ತನ್ನ ಚಿತ್ರ ಅಕ್ಕಾರ ಮನಸ್ಸಿಗೆ ಬಂದಿಲ್ಲ, ಅದಕ್ಕೇ ಚೀಲ ಕಳಿಸುವುದಿಲ್ಲ ಎಂದು ತಾನೇ ತಿಳಿದುಕೊಂಡು ಖಡುಗಳನ್ನೆಲ್ಲ ಒಲೆಗೆ ಹಾಕಿದಳಂತೆ. ಹುಡುಗಿ ತಾಯಿಯ ಹಿಂದೆಯೇ ಇದ್ದಳು. ಅಕ್ಕ ನೆಲಕ್ಕೆ ಕುಳಿತು ಕರೆದಳು. ಅವಳು ಬರಲಿಲ್ಲ.

ನಾನು ಏನು ಮಾಡಲಿ? ನಾನೂ ಕುಳಿತೆ.

"ಚೀಲ ತರದಾಂವ ನಾನವ್ವಾ. ಅಕ್ಕಾರು ವಾರಾ ವಾರಾ ಕಳಿಸಿದ್ರು, ನಾ ಮುಟ್ಟಸಲಿಲ್ಲ. ನಿನ್ನ ಚಿತ್ರ ಛಲೋನ ಇತ್ತು."

ತಾಯಿಯ ಸೆರಗಿನಿಂದ ಅರ್ಧ ಮುಖ ಹೊರಬಂತು. "ಯಾಕ ತರಲಿಲ್ಲ?"

"ದಾರ್ಯಾಗ ಕೆಸರಿತ್ತು."

ಹುಡುಗಿ ನನ್ನ ಚಪ್ಪಲಿ ನೋಡಿದಳು. ಆಮೇಲೆ ತನ್ನ ಬರಿಗಾಲು ನೋಡಿಕೊಂಡಳು. ಮೊಣಕಾಲವರೆಗೆ ಎರೆಮಣ್ಣು ಮೆತ್ತಿತ್ತು. "ನಾ ಬಂದು ನಿಂತಿದ್ನಲ್ಲ," ಎಂದಳು.

ಅಕ್ಕ ಏನೂ ಕೇಳದವಳಂತೆ ಕಟ್ಟಿಗೆಯ ಚಕ್ಕೆಗಳನ್ನು ಎತ್ತಿ ಸಣ್ಣದು, ದೊಡ್ಡದು ಎಂದು ಸಾಲಾಗಿ ಇಡತೊಡಗಿದಳು, ಬೇಕೆಂದೇ ಒಂದನ್ನು ತಪ್ಪಾಗಿ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಸಣ್ಣ ಕೈ ಬಂದು ಅದನ್ನು ಸರಿ ಮಾಡಿತು. ಹಾಲಿನ ಮನೆಗಳಿಂದ ನನಗೆ ಫೋನಿನ ಮೇಲೆ ಫೋನು. ಅಕ್ಕ ಎದ್ದದ್ದು ಮೂರನೇ ವಾರದ ಪಾಠ ಪೂರಾ ಮುಗಿಸಿಯೇ. ಉಳಿದ ಆರನ್ನು ನಾಳೆಯಿಂದ ಚೀಲದಲ್ಲಿ ಕಳಿಸುವೆನೆಂದು ಹೇಳಿದಳು. ಒಯ್ಯುವವರು ಯಾರೆಂದು ಯಾರೂ ಕೇಳಲಿಲ್ಲ. ಆ ಮಳೆಗಾಲವೆಲ್ಲ ನನ್ನ ಗಾಡಿ ಮೊದಲು ಹೋದದ್ದು ಆ ದಾರಿಗೆ.

ಅಂದು ತಿರುಗಿ ಬರುವಾಗ ಕಾಲುವೆ ದಾಟಿದ್ದೆವು. ನಾನು ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಗಾಡಿ ಹೊಡೆಯುತ್ತಿದ್ದೆ.

"ತಮ್ಮಾ," ಎಂದಳು. "ನೀ ಸಾಲಿ ಬಿಟ್ಟಾಗ ಮಾಸ್ತರ್ ದಿನಾ ನನ್ನ ಕೇಳತಿದ್ರು, ನಿನ್ನ ತಮ್ಮ ಯಾಕ ಬರವಲ್ಲ ಅಂತ. ಜ್ವರ ಬಂದಾವ ಅಂತಿದ್ನಿ. ಒಂದು ತಿಂಗಳು ದಿನಾ ಜ್ವರ ಅಂದೆ. ಆಮ್ಯಾಲ ಅವರು ಕೇಳೂದು ಬಿಟ್ರು."

ಯಾರೂ ಕೇಳಿಯೇ ಇರಲಿಲ್ಲ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ.

"ಯಾಕಕ್ಕಾ?"

"ಅವರು ಮನೀಗೆ ಬಂದು ನಿನ್ನ ಕರಕೊಂಡು ಹೋಗಿದ್ರ, ಸಾಲಿ ಬಿಟ್ಟು ಎಮ್ಮಿ ಕಾಯಾಕ ನಾ ಹೋಗಬೇಕಾಗಿತ್ತು."

ಗಾಡಿಯ ಮೇಲೆ ಹಿಂದೆ ಕುಳಿತವರ ಮುಖ ಮುಂದೆ ಕುಳಿತವರಿಗೆ ಕಾಣುವುದಿಲ್ಲ. ನಾನು ತಿರುಗಿ ನೋಡಲೂ ಇಲ್ಲ. ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ಇಷ್ಟೇ:

"ಹಿಡಕೋ ಅಕ್ಕಾ, ಮುಂದ ತೆಗ್ಗೈತಿ."

ಅವಳು ನನ್ನ ಹೆಗಲು ಹಿಡಿದಳು. ತೆಗ್ಗು ದಾಟಿತು, ಹಾಲಿನ ಮೊದಲ ಮನೆ ಕಾಣಿಸಿತು, ಅವಳು ಕೈ ತೆಗೆಯಲಿಲ್ಲ.